ಕತ್ತರಿಗಿಂತ ಮೊದಲು ಹೊಲಿಗೆ ಬಿಚ್ಚಿ

ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ನಾಲ್ಕು ವರ್ಷದಿಂದ ಸೆಕೆಂಡ್ ಹ್ಯಾಂಡ್ ಸಾಮಾನು ಕೊಂಡು ತರುತ್ತಿದ್ದೇನೆ. ಏನಾದರೂ ಮಾಡೋಣ ಅಂತಲೇ ತರೋದು. ಮಂಚದ ಕೆಳಗೆ ಈಗ ಮೂರು ರಟ್ಟಿನ ಪೆಟ್ಟಿಗೆ ಆಗಿವೆ. ಗೀರು ಗೀರಿನ ಗಂಡಸರ ಅಂಗಿ ಎರಡು, ಒಗೆದಾಗ ಕುಗ್ಗಿಹೋದ ಸ್ವೆಟರ್, ಹಿಡಿ ಮುರಿದ ಟೀಪಾಟ್, ಬೀರುವಿಲ್ಲದ ಒಂಟಿ ಡ್ರಾಯರ್, ಒಂದು ಡಬ್ಬಿ ಗುಂಡಿ. ಫೋನಿನಲ್ಲಿ ನೂರಾರು ಚಿತ್ರ ಉಳಿಸಿಟ್ಟುಕೊಂಡಿದ್ದೇನೆ. ಪೆಟ್ಟಿಗೆ ತೆರೆದ ತಕ್ಷಣ ತಲೆ ಖಾಲಿ. ಹೋದ ತಿಂಗಳು ಧೈರ್ಯ ಮಾಡಿ ಒಂದು ಅಂಗಿ ಕತ್ತರಿಸಿ ದಿಂಬಿನ ಕವರ್ ಹೊಲಿದೆ. ದಿಂಬಿಗೆ ಹಳೇ ಅಂಗಿ ತೊಡಿಸಿದ ಹಾಗೆ ಕಂಡಿತು. ಜನರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ? ಇನ್ನೊಂದು ಪ್ರಶ್ನೆ. ಉಳಿತಾಯ ಅಂತ ಹೀಗೆ ತಂದು ತುಂಬಿಸುವುದು ನಿಜಕ್ಕೂ ಉಳಿತಾಯವೇ?"

ಪ್ರೀತಿಯ ಓದುಗರೇ,

ನಿಮ್ಮ ಪತ್ರ ಮುಗಿಸಿದ ಮೇಲೆ ಆ ಪಟ್ಟಿಯೊಂದನ್ನೇ ಮತ್ತೆ ಓದಿದೆ. ಅದರಲ್ಲಿ ಒಂದು ಒಳ್ಳೆಯ ವಸ್ತು ಆಗಲೇ ಅರ್ಧ ತಯಾರಾಗಿ ಕೂತಿದೆ. ಅದು ಏನೆಂದು ಮುಂದೆ ಹೇಳುತ್ತೇನೆ. ಮೊದಲು ಚಿತ್ರಗಳ ವಿಷಯ.

ಫೋನಿನ ಚಿತ್ರಗಳ ಮೇಲೆ ನನಗೆ ಸಿಟ್ಟಿಲ್ಲ, ನಾನೂ ನೋಡುತ್ತೇನೆ. ಆದರೆ ಅವೆಲ್ಲ ಮುಗಿದ ಕೆಲಸದ ಚಿತ್ರಗಳು. ಅದನ್ನು ಮಾಡಿದವರ ಕೈಗೆ ಸಿಕ್ಕಿದ್ದ ಕೋಟು ಬೇರೆ, ಅದು ಹರಿದಿದ್ದ ಜಾಗ ಬೇರೆ, ಅವರ ಮನೆಗೆ ಬೇಕಾಗಿದ್ದುದು ಬೇರೆ. ಚಿತ್ರವನ್ನು ಮುಂದಿಟ್ಟುಕೊಂಡು ಹೊರಟರೆ ಅದಕ್ಕೆ ಹೊಂದುವ ಸಾಮಾನು ಹುಡುಕಬೇಕಾಗುತ್ತದೆ, ಅಂದರೆ ಮತ್ತೆ ಕೊಳ್ಳಬೇಕಾಗುತ್ತದೆ. ನಿಮ್ಮ ಮೂರನೇ ಪೆಟ್ಟಿಗೆ ತುಂಬಿದ್ದು ಹಾಗೆಯೇ ಎಂದು ನನ್ನ ಊಹೆ. ಸ್ಫೂರ್ತಿ ಎಂದು ನೀವು ಕರೆಯುವುದು ಬಿಚ್ಚುವ ಕೆಲಸದ ನಡುವೆ ಬರುತ್ತದೆ ಎಂಬುದು ನನ್ನ ಅನುಭವ. ಕೈ ಸುಮ್ಮನೆ ಇದ್ದಾಗ ನನಗಂತೂ ಬಂದದ್ದಿಲ್ಲ.

ಉಳಿದಿರುವ ಆ ಇನ್ನೊಂದು ಅಂಗಿಯನ್ನು ಹೊರಗೆ ತೆಗೆಯಿರಿ. ಕತ್ತರಿ ಮುಟ್ಟಬೇಡಿ. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ಇದ್ದರೆ ಸಾಕು, ಇಲ್ಲದಿದ್ದರೆ ಚೂಪು ತುದಿಯ ಸಣ್ಣ ಕತ್ತರಿಯೊಂದನ್ನು ಅದಕ್ಕಷ್ಟೇ ಬಳಸಿ. ಒಳ್ಳೆಯ ಅಂಗಿಯಲ್ಲಿ ಒಂದು ಸೆಂಟಿಮೀಟರಿಗೆ ಏಳೆಂಟು ಹೊಲಿಗೆ ಇರುತ್ತವೆ. ಒಂದೊಂದನ್ನೇ ಬಿಚ್ಚುತ್ತ ಕೂತರೆ ಬೇಸರ ಬಂದುಬಿಡುತ್ತದೆ. ಒಂದು ಬದಿಯಲ್ಲಿ ಐದೈದು ಹೊಲಿಗೆಗೊಮ್ಮೆ ದಾರ ಕತ್ತರಿಸುತ್ತ ಹೋಗಿ, ಬಟ್ಟೆ ತಿರುಗಿಸಿ, ಆ ಕಡೆಯ ದಾರವನ್ನು ಮೆಲ್ಲಗೆ ಎಳೆಯಿರಿ. ಉದ್ದಕ್ಕೂ ಒಂದೇ ಎಳೆಯಾಗಿ ಬರುತ್ತದೆ. ಮೊದಲು ಜೇಬು ಬಿಚ್ಚಿ. ಜೇಬಿನ ಅಡಿಯಲ್ಲಿ ಬಿಸಿಲು ಕಾಣದ ಒಂದು ತುಂಡು ಇರುತ್ತದೆ. ಅಲ್ಲಿ ಅಂಗಿಯ ಮೂಲ ಬಣ್ಣ ಹಾಗೇ ಉಳಿದಿರುತ್ತದೆ, ಸುತ್ತಲಿನ ಬಟ್ಟೆ ಎಷ್ಟು ಮಾಸಿದೆ ಎಂದು ಗೊತ್ತಾಗುವುದೇ ಆಗ. ನಾನು ಮೊದಲ ಸಲ ಅದನ್ನು ನೋಡಿದಾಗ ಬಿಚ್ಚುವುದನ್ನು ನಿಲ್ಲಿಸಿ ಸುಮ್ಮನೆ ನೋಡುತ್ತ ಕೂತಿದ್ದೆ. ಹತ್ತು ವರ್ಷ ಯಾರೋ ಬಿಸಿಲಲ್ಲಿ ನಡೆದಾಡಿದ್ದರ ಗುರುತು ಅದು, ಚೌಕಾಕಾರದಲ್ಲಿ.

ಆಮೇಲೆ ಕಾಲರ್ ಬಿಚ್ಚಿ. ಕುತ್ತಿಗೆಗೆ ಉಜ್ಜುವ ಮಡಿಕೆ ಸವೆದು ನವೆದಿರುತ್ತದೆ, ಆದರೆ ಹಿಂಬದಿ ಹೊಸದರಂತಿರುತ್ತದೆ. ಹಿಂದೆ ದರ್ಜಿಗಳು ಇದೇ ಕಾಲರನ್ನು ಮಗುಚಿ ಮತ್ತೆ ಹೊಲಿದು ಅಂಗಿಯ ಆಯುಷ್ಯ ಹೆಚ್ಚಿಸುತ್ತಿದ್ದರು. ನಿಮ್ಮ ಅಂಗಿ ಗಟ್ಟಿಮುಟ್ಟಾಗಿದ್ದರೆ ಅದನ್ನೇ ಮಾಡಿ, ಅದಕ್ಕಿಂತ ಒಳ್ಳೆಯ ಮರುಬಳಕೆ ಇಲ್ಲ. ಬೆನ್ನಿನ ಭಾಗ ಇಡೀ ಅಂಗಿಯಲ್ಲೇ ಅತಿ ದೊಡ್ಡ, ಹೊಲಿಗೆಯಿಲ್ಲದ ಬಟ್ಟೆ. ಭುಜದ ಪಟ್ಟಿ ಎರಡು ಪದರದ್ದು. ಮುಂಭಾಗದಲ್ಲಿ ಗುಂಡಿ, ಕಾಜಾ ಎರಡೂ ಅಳತೆಗೆ ಸರಿಯಾಗಿ ಕೂತಿರುತ್ತವೆ. ದಿಂಬಿನ ಕವರಿಗೆ ಬಾಯಿ ಮಾಡುವುದೇ ಕಷ್ಟದ ಕೆಲಸ, ಅದು ಇಲ್ಲಿ ಬೇರೆಯವರ ಕೈಯಿಂದ ಮುಗಿದುಹೋಗಿದೆ. ಕೊನೆಗೆ ತೋಳಿನ ಕಫ್. ಸುಮಾರು ಇಪ್ಪತ್ತನಾಲ್ಕು ಸೆಂಟಿಮೀಟರ್ ಉದ್ದ, ಆರೇಳು ಸೆಂಟಿಮೀಟರ್ ಅಗಲ, ಒಳಗೆ ಗಟ್ಟಿ ಅಸ್ತರು, ಒಂದು ತುದಿಗೆ ಗುಂಡಿ, ಇನ್ನೊಂದಕ್ಕೆ ಕಾಜಾ. ಇದನ್ನು ಮಾತ್ರ ಬಿಚ್ಚದೆ ಹಾಗೇ ಎತ್ತಿಡಿ.

ಈಗ ನಿಮ್ಮ ದಿಂಬಿನ ಕವರ್ ಯಾಕೆ ಹಾಗೆ ಕಂಡಿತು ಎಂಬುದಕ್ಕೆ ಬರುತ್ತೇನೆ. ಬಟ್ಟೆ ಹಳೆಯದು ಎಂಬುದು ಕಾರಣವೇ ಅಲ್ಲ. ಬಿಚ್ಚದೆ ಕತ್ತರಿಸಿದಾಗ ಅಂಗಿಯ ಆಕಾರವೂ ಜೊತೆಗೆ ಬರುತ್ತದೆ. ಪಕ್ಕದ ಹೊಲಿಗೆ ಸೊಂಟದ ಹತ್ತಿರ ಬಾಗಿರುತ್ತದೆ, ಬೆನ್ನಿನಲ್ಲಿ ಮಡಿಕೆ ಇರುತ್ತದೆ, ಅವೆಲ್ಲ ದಿಂಬಿನ ಮೇಲೂ ಮೈಯ ಆಕಾರವನ್ನೇ ಹುಡುಕುತ್ತವೆ. ನೇಯ್ಗೆಯ ದಿಕ್ಕು ಇನ್ನೊಂದು ಕಾರಣ. ಅಗ್ಗದ ಕೆಲಸ ಎಂದು ಅಸಡ್ಡೆ ಮಾಡಿ ನಾನೊಮ್ಮೆ ನಾಲ್ಕು ಕವರುಗಳನ್ನು ಓರೆಯಾಗಿ ಕತ್ತರಿಸಿದ್ದೆ. ಮೊದಲ ಒಗೆತಕ್ಕೇ ನಾಲ್ಕೂ ತಿರುಚಿಕೊಂಡವು. ಒಳ್ಳೆಯ ಬಟ್ಟೆ ಹಾಳಾಯಿತಲ್ಲ ಎಂಬ ನೋವು ಇವತ್ತಿಗೂ ಇದೆ. ಗೀರಿನ ಬಟ್ಟೆಯಾದರೆ ಗೀರೇ ದಾರಿ ತೋರಿಸುತ್ತದೆ. ಸಾದಾ ಬಟ್ಟೆಯಾದರೆ ಅಂಚಿನಿಂದ ಒಂದು ಎಳೆ ಹಿರಿದು ತೆಗೆಯಿರಿ, ಅದು ಬಿಟ್ಟುಹೋದ ಸಂದಿನ ಮೇಲೇ ಕತ್ತರಿಸಿ. ಮೂರನೆಯದು ಇಸ್ತ್ರಿ. ಪ್ರತಿ ಹೊಲಿಗೆ ಹಾಕಿದ ಮೇಲೂ ಒಳಗಿನ ಅಂಚುಗಳನ್ನು ಎರಡು ಕಡೆಗೆ ಹರಡಿ ಇಸ್ತ್ರಿ ಒತ್ತಿ ಮುಂದಿನದಕ್ಕೆ ಹೋಗಬೇಕು. ಹೊಸ ಬಟ್ಟೆಯಲ್ಲಿ ಇದನ್ನು ಬಿಟ್ಟರೆ ಹೇಗೋ ನಡೆಯುತ್ತದೆ. ಹಳೆಯ ಬಟ್ಟೆ ಮೆದುವಾಗಿರುತ್ತದೆ, ಜೋತುಬೀಳುತ್ತದೆ, ಇಸ್ತ್ರಿ ಇಲ್ಲದಿದ್ದರೆ ಎಷ್ಟು ಚೆಂದ ಹೊಲಿದರೂ ಕಸದಂತೆ ಕಾಣುತ್ತದೆ.

ಇನ್ನು ಸ್ವೆಟರ್. ಅದು ಕುಗ್ಗಿತು ಎಂದು ಬೇಸರಪಟ್ಟು ಬರೆದಿದ್ದೀರಿ. ನನಗೆ ಅದು ಪಟ್ಟಿಯಲ್ಲೇ ಎಲ್ಲಕ್ಕಿಂತ ಒಳ್ಳೆಯ ಸುದ್ದಿ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊರಪರೆಗಳಿರುತ್ತವೆ. ಬಿಸಿನೀರು ಬಿದ್ದು, ಮೇಲಿಂದ ಉಜ್ಜಾಟವೂ ಆದರೆ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡುವುದಿಲ್ಲ. ಹೆಣಿಗೆ ಹೋಗಿ ಅದು ದಪ್ಪನೆಯ ಕಂಬಳಿಯಂಥ ಬಟ್ಟೆಯಾಗುತ್ತದೆ, ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ, ಮಡಿಸಿ ಹೊಲಿಯಬೇಕಾಗಿಲ್ಲ. ಉಣ್ಣೆ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ನೀರಿನ ಪಾತ್ರೆಯ ಮೇಲೆ ಕಡ್ಡಿ ಗೀರಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕಡ್ಡಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಮುಂದೆ ಕುಗ್ಗದ ಸ್ವೆಟರ್ ಸಿಕ್ಕಿ, ಬಿಚ್ಚಿ ನೂಲು ತೆಗೆಯುವ ಆಸೆಯಾದರೆ ಕೊಳ್ಳುವ ಮುಂಚೆ ಒಳಮಗ್ಗುಲಿನ ಪಕ್ಕದ ಹೊಲಿಗೆ ನೋಡಿ. ಅಂಚು ಕತ್ತರಿಸಿ ಓವರ್‌ಲಾಕ್ ಹಾಕಿದ್ದರೆ ಬಿಡಿ, ಪ್ರತಿ ಸಾಲೂ ತುಂಡಾಗಿರುತ್ತದೆ, ನಿಮಗೆ ಸಿಗುವುದು ಸಣ್ಣ ಸಣ್ಣ ಚೂರುಗಳಷ್ಟೇ. ಅಂಚು ಅಖಂಡವಾಗಿದ್ದರೆ ಎಳೆದಷ್ಟೂ ನೂಲು. ಲಡಿ ಸುತ್ತಿ, ನೀರಲ್ಲಿ ನೆನೆಸಿ, ಕೆಳಗೊಂದು ಹಗುರ ಭಾರ ಕಟ್ಟಿ ಒಣಗಿಸಿದರೆ ಗುಂಗುರು ಹೋಗುತ್ತದೆ.

ಈಗ ಆ ಅರ್ಧ ತಯಾರಾದ ವಸ್ತು. ಕಫ್ ತೆಗೆದುಕೊಳ್ಳಿ. ಅದರೊಳಗೆ ಕುಗ್ಗಿದ ಸ್ವೆಟರಿನಿಂದ ಕತ್ತರಿಸಿದ ಎರಡು ತುಂಡುಗಳನ್ನು, ಕಫ್‌ಗಿಂತ ಸ್ವಲ್ಪ ಚಿಕ್ಕದಾಗಿ, ಪುಸ್ತಕದ ಹಾಳೆಗಳಂತೆ ನಡುವೆ ಒಂದೇ ಸಾಲು ಹೊಲಿಗೆ ಹಾಕಿ ಸೇರಿಸಿ. ಹಾಳೆಗಳ ತುಂಬ ಸೂಜಿ ಚುಚ್ಚಿ, ಮಡಿಸಿ ಗುಂಡಿ ಹಾಕಿ. ಗುಂಡಿಗೆ ಕಾಜಾ ಸರಿಯಾಗಿ ಎದುರಾಗದಿದ್ದರೆ ಗುಂಡಿಯನ್ನು ಒಂದಿಷ್ಟು ಸರಿಸಿ ಹೊಲಿಯಬೇಕಷ್ಟೆ. ಸೂಜಿಪುಸ್ತಕ ಸಿದ್ಧ. ನಿಮ್ಮ ಡಬ್ಬಿಯಲ್ಲಿ ಚಿಪ್ಪಿನ ಗುಂಡಿ ಇದ್ದರೆ ಅದನ್ನೇ ಹಾಕಿ. ಕೆನ್ನೆಗೆ ತಾಗಿಸಿ ನೋಡಿದರೆ ಗೊತ್ತಾಗುತ್ತದೆ, ಚಿಪ್ಪು ತಣ್ಣಗಿರುತ್ತದೆ, ಪ್ಲಾಸ್ಟಿಕ್‌ಗೆ ಆ ತಂಪಿಲ್ಲ.

ಈ ಸೂಜಿಪುಸ್ತಕ ನಾನು ಯಾವ ಚಿತ್ರದಿಂದಲೂ ತೆಗೆದದ್ದಲ್ಲ. ಕಫ್‌ಗೂ ಸ್ವೆಟರಿಗೂ ನಿಮ್ಮ ಪತ್ರದಲ್ಲಿ ಭೇಟಿಯಾಯಿತು, ಅಷ್ಟೆ. ಪೆಟ್ಟಿಗೆಯೊಳಗೆ ಮಡಚಿಟ್ಟಾಗ ಒಂದು ಅಂಗಿ, ಇನ್ನೊಂದು ಸ್ವೆಟರ್. ಬಿಚ್ಚಿ ಹರಡಿದಾಗ ಮಾತ್ರ ಒಂದರ ತುಂಡು ಇನ್ನೊಂದರ ಪಕ್ಕಕ್ಕೆ ಬರುತ್ತದೆ.

1942ರಲ್ಲಿ ನಡೆದ ಎರಡು ಕೆಲಸಗಳು ನನಗೆ ಈ ಮಾತು ಬಂದಾಗಲೆಲ್ಲ ಒಟ್ಟಿಗೇ ನೆನಪಾಗುತ್ತವೆ. ಆ ವರ್ಷ ಪ್ಯಾರಿಸ್‌ನಲ್ಲಿ ಪಿಕಾಸೊ ಒಂದು ಹಳೆಯ ಸೈಕಲ್ ಸೀಟಿಗೆ ತುಕ್ಕು ಹಿಡಿದ ಹ್ಯಾಂಡಲ್ ಜೋಡಿಸಿ ಹೋರಿಯ ತಲೆ ಮಾಡಿದ. ಗುಜರಿಯ ರಾಶಿಯಲ್ಲಿ ಎರಡೂ ಕಂಡವು, ಕ್ಷಣದಲ್ಲಿ ತಲೆಯೊಳಗೆ ಸೇರಿಕೊಂಡವು ಎಂಬರ್ಥದಲ್ಲಿ ಆತ ಆಮೇಲೆ ಹೇಳಿಕೊಂಡಿದ್ದ. ಅದೇ ವರ್ಷ ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಮಿಸ್ಸೌರಿ ಪೆಟ್ವೇ ಎಂಬ ಹೆಂಗಸು ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನು ಹರಿದು, ಪಟ್ಟಿ ಮಾಡಿ, ಹೊದಿಕೆಯೊಂದನ್ನು ಹೊಲಿದಳು. ಅವನ ನೆನಪಿಗೆ, ಹೊದ್ದು ಮಲಗುವುದಕ್ಕೆ. ಹದಿಹರೆಯದ ಮಗಳು ಆಗ ಅವಳ ಜೊತೆಗಿದ್ದಳು. ಮೊಣಕಾಲು ಸವೆದ ಕಡೆ ಬಣ್ಣ ತೆಳು, ಹೊಲಿಗೆಯೊಳಗೆ ಅಡಗಿದ್ದ ಕಡೆ ದಟ್ಟ, ಕೆಲಸದ ಬಟ್ಟೆಯಲ್ಲಿ ಸಿಗುವುದು ಅಂಥ ಬಣ್ಣಗಳೇ. ಆ ಊರಿನ ಹೆಂಗಸರ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡವು. ಈ ಇಬ್ಬರಲ್ಲಿ ನನಗೆ ಹತ್ತಿರದವಳು ಮಿಸ್ಸೌರಿ ಪೆಟ್ವೇ. ಪಿಕಾಸೊನ ಹೋರಿ ಒಂದು ಮಿಂಚು, ಎಲ್ಲರಿಗೂ ಹೊಳೆಯುವಂಥದ್ದಲ್ಲ. ಅವಳದ್ದು ಕೈಗೆ ಸಿಕ್ಕ ಪ್ಯಾಂಟಿನ ಅಗಲ ಎಷ್ಟಿದೆಯೋ ಅಷ್ಟೇ ಪಟ್ಟಿ ಎಂಬ ಲೆಕ್ಕ. ಆ ಲೆಕ್ಕ ನಿಮಗೂ ಬರುತ್ತದೆ, ನನಗೂ ಬರುತ್ತದೆ.

ಟೀಪಾಟ್, ಡ್ರಾಯರ್ ಎರಡಕ್ಕೂ ಸ್ವಲ್ಪ ಎಚ್ಚರ ಸಾಕು. ಹಳೆಯ ಪಿಂಗಾಣಿಯ ಹೊಳಪಿನಲ್ಲಿ ಸೀಸ ಇರಬಹುದು. ಮೇಲೆ ಕೂದಲೆಳೆಯ ಬಿರುಕುಗಳಿದ್ದರಂತೂ ಕುಡಿಯುವುದಕ್ಕೆ, ತಿನ್ನುವುದಕ್ಕೆ ಬೇಡ. ಕುಂಚ, ಹೆಣಿಗೆ ಕಡ್ಡಿ ಇಡುವುದಕ್ಕೆ ಚೆನ್ನಾಗಿರುತ್ತದೆ. ಡ್ರಾಯರಿಗೆ ಹಳೆಯ ಬಣ್ಣವಿದ್ದರೆ ಒಣಗಿದ್ದಾಗ ಮರಳುಕಾಗದ ಹಾಕಿ ಉಜ್ಜಲೇಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕದಲ್ಲೇ ನಿಷೇಧಿಸಿದ್ದು 1978ರಲ್ಲಿ. ಆ ಪುಡಿ ಮಕ್ಕಳಿಗೆ ತೀರಾ ಅಪಾಯ. ರಂಧ್ರಗಳಿಂದ ಹೊಸ ಮರದ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಜೀವಂತವಾಗಿದೆ ಎಂದರ್ಥ, ಅದನ್ನು ಮಂಚದ ಕೆಳಗೆ ಇಟ್ಟುಕೊಳ್ಳಬೇಡಿ. ಬಟ್ಟೆಗಳನ್ನು ಕೂಡ ತಂದ ದಿನವೇ ತಿಗಣೆ, ನುಸಿ ಹೋಗುವಂತೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಬಿಸಿ ತಡೆಯದ ಉಣ್ಣೆಯಾದರೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ.

ನಿಮ್ಮ ಎರಡನೇ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಇಲ್ಲ, ಬಳಸದೆ ತುಂಬಿಸಿಟ್ಟದ್ದು ಉಳಿತಾಯವಲ್ಲ. ಕಸದಿಂದ ರಸ ಎನ್ನುತ್ತೇವೆ, ಆದರೆ ಹಿಂಡದೆ ರಸ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಕೂತ ಅಂಗಿಯನ್ನು ತೊಡುವವರು ಯಾರೋ ಇದ್ದರು, ಅವರಿಗದು ಸಿಗದಂತಾಯಿತು ಎಂಬುದೂ ನನ್ನನ್ನು ಕಾಡುತ್ತದೆ. ಹಾಗಾಗಿ ನಾನು ಪಾಲಿಸುವುದು ಇಷ್ಟು. ತೊಡಲು ಯೋಗ್ಯವಾಗಿರುವುದನ್ನು ಕತ್ತರಿಸಲು ಕೊಳ್ಳುವುದಿಲ್ಲ, ಕಲೆಯೋ ಹರಕೋ ಇರುವುದನ್ನೇ ಆರಿಸುತ್ತೇನೆ. ಒಂದು ಹಳೆಯ ವಸ್ತುವಿಗಾಗಿ ಹೊಸ ಅಂಟು, ಹೊಸ ಬಣ್ಣ, ಹೊಸ ಲೇಸು ಕೊಳ್ಳುವ ಖರ್ಚು ಆ ವಸ್ತುವಿನ ಬೆಲೆಯನ್ನು ಮೀರುವಂತಿದ್ದರೆ ಕೈಬಿಡುತ್ತೇನೆ. ಒಂದನ್ನು ಮುಗಿಸದೆ ಇನ್ನೊಂದನ್ನು ಒಳಗೆ ತರುವುದಿಲ್ಲ. ಕೊನೆಯದನ್ನು ನಾನೂ ಎಷ್ಟೋ ಸಲ ಮುರಿದಿದ್ದೇನೆ, ಆದರೂ ನಿಮಗೆ ಹೇಳುತ್ತೇನೆ.

ನಿಮ್ಮ ಮೂರು ಪೆಟ್ಟಿಗೆಗಳಲ್ಲಿ ಒಂದನ್ನು ಹಾಗೇ ಕೊಟ್ಟುಬಿಡಿ. ತೆರೆದು ಆರಿಸಲು ಕೂರಬೇಡಿ, ಎಲ್ಲವೂ ಬೇಕು ಅನ್ನಿಸುತ್ತದೆ. ಯಾವುದರಲ್ಲಿ ಏನಿದೆ ಎಂದು ನೆನಪಿಗೇ ಬರುವುದಿಲ್ಲವೋ ಅದನ್ನೇ ಕೊಡಿ. ಉಳಿದ ಎರಡನ್ನು ಮಂಚದ ಕೆಳಗಿನಿಂದ ಎಳೆದು, ಕಣ್ಣಿಗೆ ಬೀಳುವ ಕಡೆ, ಮುಚ್ಚಳ ತೆಗೆದು ಇಡಿ.

ಇವತ್ತು ರಾತ್ರಿ ಜೇಬೊಂದನ್ನೇ ಬಿಚ್ಚಿದರೂ ಸಾಕು. ಅದರ ಅಡಿಯಲ್ಲಿ ಯಾವ ಬಣ್ಣ ಸಿಕ್ಕಿತು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ