ದುಬೈನಲ್ಲಿ ವೀಸಾ ಮುಗಿದಿದೆ, ಪಾಸ್‌ಪೋರ್ಟ್ ಕಂಪನಿಯವರ ಬಳಿ ಇದೆ, ಹಣವಿಲ್ಲ. ಪೊಲೀಸರಿಗೆ ಸಿಕ್ಕಿಬಿದ್ದರೆ ಪುಕ್ಕಟೆಯಾಗಿ ಊರಿಗೆ ಕಳುಹಿಸುತ್ತಾರೆಯೇ?

ಸಿಕ್ಕಿಬೀಳುವುದೋ, ಅಥವಾ ಅವಧಿ ಮೀರಿ ಉಳಿದವರನ್ನು ದಂಡವಿಲ್ಲದೆ ಹೊರಹೋಗಲು ಬಿಡುವ ಮುಂದಿನ ಕ್ಷಮಾದಾನದವರೆಗೆ ಅಡಗಿರುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ದಾವಣಗೆರೆಯಿಂದ ವೈರಿಂಗ್ ಕೆಲಸಕ್ಕೆಂದು ಹೋದ ನಾನು 2023ರ ಬಹುಪಾಲನ್ನು ಶಾರ್ಜಾದ ಒಂದು ಕೋಣೆಯಲ್ಲಿ ಇದೇ ಲೆಕ್ಕ ಹಾಕುತ್ತಾ ಕಳೆದಿದ್ದೇನೆ. ಅದೇ ವರ್ಷ ನಮ್ಮ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರನ್ನು ಭಾರತ ಸರ್ಕಾರ ಸುಡಾನಿನಿಂದ ಆಪರೇಷನ್ ಕಾವೇರಿಯಲ್ಲಿ ಕರೆತಂದದ್ದನ್ನು ನೀವು ಉದಾಹರಿಸಿದ್ದೀರಿ. ಅಲ್ಲಿ ಯುದ್ಧ ನಡೆಯುತ್ತಿತ್ತು. ನಿಮ್ಮನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ, ನೀವೇ ಹೋಗಬೇಕು.

ಏಜೆಂಟ್ ನನ್ನನ್ನು ಕಳುಹಿಸಿದ್ದು ವಿಸಿಟ್ ವೀಸಾದಲ್ಲಿ. ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸುತ್ತಾರೆ ಎಂದಿದ್ದ. ಅದಕ್ಕೆ ಬೇಕೆಂದು ಪಾಸ್‌ಪೋರ್ಟ್ ತೆಗೆದುಕೊಂಡ ಲೇಬರ್ ಸಪ್ಲೈಯವರು, ಅಂದರೆ ಕೆಲಸಗಾರರನ್ನು ಬೇರೆ ಕಂಪನಿಗಳಿಗೆ ಒದಗಿಸುವವರು, ವೀಸಾವನ್ನೂ ಮಾಡಿಸಲಿಲ್ಲ, ಪಾಸ್‌ಪೋರ್ಟನ್ನೂ ಹಿಂತಿರುಗಿಸಲಿಲ್ಲ. ಸಂಬಳ ನಿಂತಾಗ ಕ್ಯಾಂಪ್ ಬಿಟ್ಟೆ.

ಆದರೆ ನನಗೆ ದುಬಾರಿಯಾದದ್ದು ಇದಾವುದೂ ಅಲ್ಲ, ದುಬೈನಲ್ಲಿರುವ ಭಾರತದ ಕಾನ್ಸುಲೇಟಿಗೆ ಹೋಗದೆ ಕುಳಿತದ್ದು. ಅಲ್ಲಿಗೆ ಹೋದರೆ ಪೊಲೀಸರಿಗೆ ಹಿಡಿದುಕೊಡುತ್ತಾರೆ ಎಂದು ಕೋಣೆಯವರೆಲ್ಲ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರಲ್ಲಿ ಒಬ್ಬರೂ ಅದರ ಬಾಗಿಲು ಕಂಡವರಲ್ಲವೆಂಬುದು ನನಗೆ ಆಗ ಹೊಳೆಯಲಿಲ್ಲ. ಅವಧಿ ಮೀರಿ ಉಳಿದದ್ದು ಆ ದೇಶದ ವಲಸೆ ಕಾನೂನಿನ ವಿಷಯ. ಭಾರತದ ಕಾನ್ಸುಲೇಟಿಗೆ ಅಲ್ಲಿ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ, ಅದರ ಕೆಲಸವೇ ನಮ್ಮಂಥವರ ದಾಖಲೆ ಸರಿಪಡಿಸುವುದು. ನಾನು ಹೆದರಿ ಕುಳಿತಷ್ಟು ಕಾಲವೂ ದಿನಕ್ಕೆ 50 ದಿರ್ಹಮ್, ಅಂದರೆ ಸಾವಿರದ ನೂರಕ್ಕೂ ಹೆಚ್ಚು ರೂಪಾಯಿ, ದಂಡ ಏರುತ್ತಲೇ ಇತ್ತು. ಕೆಲಸ ಸಿಕ್ಕ ದಿನವೂ ಅಷ್ಟು ಉಳಿಯುತ್ತಿರಲಿಲ್ಲ. ಹಣ ಕೂಡಿಸಿಕೊಂಡು ಹೋಗೋಣ ಎಂದು ನೀವು ಯೋಚಿಸುತ್ತಿದ್ದರೆ ಈ ಲೆಕ್ಕವನ್ನು ಒಮ್ಮೆ ಬರೆದು ನೋಡಿ.

ಅವ್ವನಿಗೆ ಕಾಯಿಲೆಯೆಂದು ತಿಳಿದ ಮೇಲೆ, 2024ರ ಆರಂಭದಲ್ಲಿ, ಕಾನ್ಸುಲೇಟಿನದೇ ನೆರವಿನ ಕೇಂದ್ರವಾದ ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿದೆ. ಯಾರೂ ಗದರಲಿಲ್ಲ, ಪಾಸ್‌ಪೋರ್ಟ್ ಸಂಖ್ಯೆ ಕೇಳಿದರು, ನನಗೆ ಅದು ಗೊತ್ತಿರಲಿಲ್ಲ. ಏಜೆಂಟನಿಗೆ ಕೊಡಲು ಸಾಲ ಮಾಡಿದ್ದ ಸೊಸೈಟಿಯ ಕಡತದಲ್ಲಿ ಅದರ ಜೆರಾಕ್ಸ್ ಇದ್ದದ್ದು ಅಣ್ಣನಿಗೆ ನೆನಪಾಗಿ, ವಾಟ್ಸಾಪ್‌ನಲ್ಲಿ ಕಳುಹಿಸಿದ. ಸಂಖ್ಯೆಯಿದ್ದರೆ ನೀವು ಭಾರತೀಯರೆಂಬುದನ್ನು ಬೇಗ ಖಚಿತಪಡಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ವಿಚಾರಣೆ ಊರಿನವರೆಗೂ ಹೋಗುತ್ತದೆ. ಪಾಸ್‌ಪೋರ್ಟ್ ಕಳೆದುಹೋಯಿತೆಂದು ಮಾತ್ರ ಸುಳ್ಳು ಹೇಳಬೇಡಿ. ಕೆಲಸಗಾರನ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಕ್ಕೆ ಅಲ್ಲಿಯ ಕಾನೂನಿನಲ್ಲೂ ಅವಕಾಶವಿಲ್ಲ, ಆದ್ದರಿಂದ ಯಾರ ಬಳಿ ಇದೆಯೋ ಅವರ ಹೆಸರನ್ನೇ ಹೇಳಿ.

ಅವರು ಕೊಟ್ಟದ್ದು ಎಮರ್ಜೆನ್ಸಿ ಸರ್ಟಿಫಿಕೇಟ್. ಗಲ್ಫಿನಲ್ಲಿ ಎಲ್ಲರೂ ಔಟ್‌ಪಾಸ್ ಎನ್ನುವುದು ಇದನ್ನೇ. ಭಾರತಕ್ಕೆ ಒಂದು ಸಲ ಬರುವುದಕ್ಕಷ್ಟೇ ಅದು ಸಲ್ಲುತ್ತದೆ. ಟಿಕೆಟ್ಟಿನ ಹಣ 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಬಂತು. ಅದು ಕೇಳಿದವರಿಗೆಲ್ಲ ಸಿಗುವುದಿಲ್ಲ, ನಿಜವಾಗಿ ಗತಿಯಿಲ್ಲವೆಂಬುದು ಅವರಿಗೆ ಮನವರಿಕೆಯಾಗಬೇಕು. ದಂಡದಲ್ಲಿ ಒಂದು ಭಾಗ ಮನವಿಯ ಮೇಲೆ ಮನ್ನಾ ಆಯಿತು. ಉಳಿದದ್ದಕ್ಕೆ ಅಣ್ಣ ಮೆಕ್ಕೆಜೋಳ ಮಾರಿದ ದುಡ್ಡು ಹೋಯಿತು.

ನಾನು ಬಂದ ಕೆಲವೇ ತಿಂಗಳಲ್ಲಿ, 2024ರ ಸೆಪ್ಟೆಂಬರ್ 1ರಿಂದ, ದುಬೈ, ಶಾರ್ಜಾ ಸೇರಿರುವ ಯುಎಇ ದೇಶ ಕ್ಷಮಾದಾನ ಘೋಷಿಸಿ ಡಿಸೆಂಬರ್ ಕೊನೆಯವರೆಗೆ ದಂಡವಿಲ್ಲದೆ ಹೊರಹೋಗಲು ಬಿಟ್ಟಿತು. ಇನ್ನಷ್ಟು ದಿನ ಕಾಯಬೇಕಿತ್ತು ಎಂದು ಇಲ್ಲಿ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದಕ್ಕೂ ಮೊದಲು 2018ರಲ್ಲಿ ಮತ್ತು ಕೊರೊನಾ ಕಾಲದ 2020ರಲ್ಲಿ ಇಂಥ ಅವಕಾಶ ಬಂದಿತ್ತು. ಮುಂದಿನದಕ್ಕೆ ಯಾರೂ ದಿನಾಂಕ ಕೊಟ್ಟಿಲ್ಲ. ನಿಮ್ಮ ಕೋಣೆಯವರು ಏನಾದರೂ ದಿನಾಂಕ ಹೇಳುತ್ತಿದ್ದರೆ, ಅಂಥದ್ದನ್ನು ನನ್ನ ಕೋಣೆಯವರೂ ನನಗೆ ಹೇಳಿದ್ದರು.

ಸಿಕ್ಕಿಬೀಳುವ ಯೋಚನೆಯ ಬಗ್ಗೆ: ಬಂಧನದಲ್ಲಿಟ್ಟರೂ ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತಿಸಲಾಗದು, ಆಗಲೂ ಇದೇ ಔಟ್‌ಪಾಸ್ ಬರುವವರೆಗೆ ಒಳಗೇ ಕಾಯಬೇಕು, ಮೇಲೆ ಮರುಪ್ರವೇಶದ ನಿಷೇಧ ಬೇರೆ. ಬೆಂಗಳೂರಿನಲ್ಲಿ ಇಳಿದಾಗ ಔಟ್‌ಪಾಸನ್ನು ಇಮಿಗ್ರೇಷನ್‌ನವರು ತೆಗೆದುಕೊಳ್ಳುತ್ತಾರೆ, ಅದಕ್ಕೆ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಬಂದಿದ್ದೀರಾ ಎಂದು ಕೇಳಿ ಅದರ ಸಂಖ್ಯೆ, ದಿನಾಂಕ ಬರೆಯಲು ಹೇಳುತ್ತಾರೆ. ಗಡೀಪಾರಾಗಿದ್ದೀರಾ ಎಂಬುದು ಅಲ್ಲಿ ಬೇರೆಯೇ ಪ್ರಶ್ನೆ. ನಾನು ಮೊದಲನೆಯದಕ್ಕೆ ಹೌದು ಎಂದೂ ಎರಡನೆಯದಕ್ಕೆ ಇಲ್ಲ ಎಂದೂ ಬರೆದೆ.