ವೂಕಾಮರ್ಸ್, ಶಾಪಿಫೈ ಎರಡೂ ಆನ್‌ಲೈನ್ ಅಂಗಡಿ ನಡೆಸುವ ವೇದಿಕೆಗಳು. ವೂಕಾಮರ್ಸ್‌ನಲ್ಲಿರುವ ಅಂಗಡಿಯನ್ನು ಶಾಪಿಫೈಗೆ ಸಾಗಿಸುವ ಮುಂಚೆ ಮುಖ್ಯವಾಗಿ ಏನು ಮಾಡಬೇಕು?

ಹಳೆ ಅಂಗಡಿಯ ಪ್ರತಿ ಪುಟದ ವಿಳಾಸವನ್ನೂ ಒಂದು ಶೀಟ್‌ನಲ್ಲಿ ಬರೆದಿಡಿ, ಪಕ್ಕದಲ್ಲೇ ಅದರ ಹೊಸ ವಿಳಾಸ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾದ ತಯಾರಿ ಇದೇ. ಸಾಮಾನುಗಳ ಹೆಸರು, ಬೆಲೆಗಳನ್ನು ಸಿಎಸ್‌ವಿ ಫೈಲ್‌ನಲ್ಲಿ (ಪಟ್ಟಿಯ ಮಾಹಿತಿಯನ್ನು ಸರಳ ಪಠ್ಯವಾಗಿ ಇಡುವ ಫೈಲ್) ಸಾಗಿಸಬಹುದು.

ವಿಳಾಸಕ್ಕೆ ಯಾಕೆ ಇಷ್ಟು ಒತ್ತು? ವೂಕಾಮರ್ಸ್‌ನಲ್ಲಿ ಸಾಮಾನಿನ ಪುಟದ ವಿಳಾಸದಲ್ಲಿ ಸಾಮಾನ್ಯವಾಗಿ 'ಪ್ರಾಡಕ್ಟ್' ಅಂತ ಇರುತ್ತದೆ. ಶಾಪಿಫೈನಲ್ಲಿ 'ಪ್ರಾಡಕ್ಟ್ಸ್'. ಅದನ್ನು ನಾವು ಬದಲಿಸುವ ಹಾಗಿಲ್ಲ. ಇಷ್ಟು ಸಣ್ಣ ವ್ಯತ್ಯಾಸವಿದ್ದರೂ ಗೂಗಲ್‌ಗೆ ಅದು ಬೇರೆಯೇ ಪುಟ. ಗೂಗಲ್‌ನಲ್ಲಿರುವುದು, ಗ್ರಾಹಕರು ವಾಟ್ಸಾಪ್‌ನಲ್ಲಿ ಹಂಚಿಕೊಂಡಿರುವುದು ಎಲ್ಲವೂ ಹಳೆ ವಿಳಾಸವೇ ಅಲ್ವಾ? ಅದನ್ನು ಒತ್ತಿದವರಿಗೆ 404, ಅಂದರೆ 'ಪುಟ ಇಲ್ಲ' ಅಂತ ಬರುತ್ತದೆ. ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ಹುಡುಕಾಟದ ಸ್ಥಾನವೂ ಕೈತಪ್ಪುತ್ತದೆ. ಇದನ್ನು ನೋಡಿದಾಗ ನಿಜಕ್ಕೂ ಬೇಜಾರಾಗುತ್ತದೆ.

ಇದಕ್ಕೆ ಪರಿಹಾರ 301 ರೀಡೈರೆಕ್ಟ್. 'ಈ ಪುಟ ಕಾಯಂ ಆಗಿ ಅಲ್ಲಿಗೆ ಹೋಗಿದೆ' ಎಂದು ಬ್ರೌಸರ್‌ಗೂ ಗೂಗಲ್‌ಗೂ ಹೇಳುವ ಸೂಚನೆ ಇದು. ನಿಮ್ಮ ಶೀಟನ್ನೇ ಶಾಪಿಫೈಗೆ ಬೇಕಾದ ರೂಪದಲ್ಲಿ ಸಿಎಸ್‌ವಿ ಮಾಡಿ ಒಟ್ಟಿಗೆ ಹಾಕಬಹುದು. ಈ ರೀಡೈರೆಕ್ಟ್‌ಗಳನ್ನು ಕನಿಷ್ಠ 1 ವರ್ಷ ಇಟ್ಟಿರಿ ಎಂದು ಗೂಗಲ್ ಹೇಳುತ್ತದೆ. ತೆಗೆಯದೇ ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಗ್ರಾಹಕರ ಹೆಸರು, ಇಮೇಲ್ ಬರುತ್ತವೆ, ಪಾಸ್‌ವರ್ಡ್ ಬರುವುದಿಲ್ಲ. ಅದು ತಿರುಗಿ ಓದಲಾಗದ ಗುಪ್ತ ರೂಪದಲ್ಲಿ ಉಳಿದಿರುತ್ತದೆ. ಹಾಗಾಗಿ ಹಳೆ ಪಾಸ್‌ವರ್ಡ್ ಹೊಸ ಅಂಗಡಿಯಲ್ಲಿ ನಡೆಯುವುದಿಲ್ಲ ಎಂದು ಅವರಿಗೆ ಮೊದಲೇ ಒಂದು ಇಮೇಲ್ ಕಳಿಸಿ. ಹಳೆ ಹೋಸ್ಟಿಂಗನ್ನು, ಅಂದರೆ ಹಳೆ ಅಂಗಡಿಯನ್ನು ಇಂಟರ್ನೆಟ್‌ನಲ್ಲಿ ಇಟ್ಟಿರುವ ಸೇವೆಯನ್ನು ಮಾತ್ರ ತಕ್ಷಣ ನಿಲ್ಲಿಸಬೇಡಿ.