ಫ್ಯಾಂಟಸಿ ಕಾದಂಬರಿಯಲ್ಲಿ ಒಳ್ಳೆಯವನೋ ಕೆಟ್ಟವನೋ ಎಂದು ಹೇಳಲಾಗದ ಪಾತ್ರವನ್ನು ರೂಪಿಸಲು ಮೊದಲು ಲೋಕವನ್ನು ಕಟ್ಟಬೇಕೋ, ಪಾತ್ರವನ್ನೋ?

ನೀವು ಇವನ್ನು ಎರಡು ಕೆಲಸಗಳೆಂದು ಭಾವಿಸಿ ಕೇಳಿದ್ದೀರಿ. ನನಗೆ ಇವೆರಡೂ ಒಂದೇ ಕೆಲಸವಾಗಿ ಕಾಣುತ್ತವೆ. ಕೆಟ್ಟವನಿಗೆ ಒಂದಿಷ್ಟು ಕರುಣೆಯನ್ನೋ ನೋವುಂಡ ಬಾಲ್ಯವನ್ನೋ ಅಂಟಿಸಿದ ಮಾತ್ರಕ್ಕೆ ಪಾತ್ರಕ್ಕೆ ಆಳ ಬರುವುದಿಲ್ಲ. ಅವನು ಬದುಕುವ ಲೋಕದ ಕಟ್ಟಳೆಗಳೇ ಅವನನ್ನು ಧರ್ಮಸಂಕಟಕ್ಕೆ ತಳ್ಳಬೇಕು.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಜೇಮಿ ಲ್ಯಾನಿಸ್ಟರ್‌ನನ್ನು ನೋಡಿ. ಆ ಲೋಕದಲ್ಲಿ ದೊರೆಯ ಅಂಗರಕ್ಷಕ ಪಡೆಗೆ ಏಳೇ ಮಂದಿ ನೈಟ್‌ಗಳು, ಅಂದರೆ ಪ್ರಮಾಣ ತೊಟ್ಟ ಯೋಧರು. ಅವರು ಮದುವೆಯಾಗುವಂತಿಲ್ಲ, ಆಸ್ತಿ ಹೊಂದುವಂತಿಲ್ಲ, ಜೀವವಿರುವವರೆಗೆ ದೊರೆಯನ್ನು ಕಾಯಬೇಕು. ಆದರೆ ನೈಟ್ ಆಗುವಾಗ ಅಸಹಾಯಕರನ್ನು ರಕ್ಷಿಸುವೆನೆಂದೂ ಪ್ರಮಾಣ ಮಾಡಿರುತ್ತಾರೆ. ದೊರೆ ಏರಿಸ್ ತನ್ನ ರಾಜಧಾನಿಯನ್ನು ಜನರ ಸಮೇತ ಸುಡಲು ಆಜ್ಞಾಪಿಸಿದಾಗ ಎರಡು ಪ್ರಮಾಣಗಳನ್ನೂ ಉಳಿಸಿಕೊಳ್ಳುವ ದಾರಿಯೇ ಇಲ್ಲ. ಹದಿನೇಳರ ಹುಡುಗ ಜೇಮಿ ತಾನು ಕಾಯಬೇಕಾದ ದೊರೆಯನ್ನೇ ಕೊಲ್ಲುತ್ತಾನೆ.

ಮಾರ್ಟಿನ್ ಇದನ್ನು ತಡೆದು ಹೇಳುವ ಬಗೆ ನನಗೆ ಇನ್ನೂ ಹೆಚ್ಚು ಇಷ್ಟ. 1996ರ ಮೊದಲ ಸಂಪುಟದಲ್ಲಿ ಜೇಮಿ ಒಬ್ಬ ಬಾಲಕನನ್ನು ಗೋಪುರದ ಕಿಟಕಿಯಿಂದ ತಳ್ಳುತ್ತಾನೆ, ನಾವು ಅವನನ್ನು ದ್ವೇಷಿಸುತ್ತೇವೆ. 1998ರ ಎರಡನೆಯ ಸಂಪುಟದಲ್ಲಿ, ಏರಿಸ್ ದೊರೆಯ ಕಾಲದ ಕಾಡ್ಗಿಚ್ಚಿನ ರಸದ (ವೈಲ್ಡ್‌ಫೈರ್ ಎಂಬ ಉರಿಯುವ ದ್ರವದ) ಜಾಡಿಗಳು ನಗರದಡಿಯಲ್ಲಿ ಸಿಕ್ಕವೆಂಬ ಮಾತು ಯುದ್ಧಸಿದ್ಧತೆಯ ನಡುವೆ ಬಂದು ಹೋಗುತ್ತದೆ. ಅವು ಅಲ್ಲಿ ಏಕಿದ್ದವೆಂಬುದನ್ನು 2000ದ ಮೂರನೆಯ ಸಂಪುಟದಲ್ಲಿ ಜೇಮಿಯೇ ಬ್ರಿಯೆನ್ ಎಂಬ ಯೋಧೆಗೆ ಹೇಳುತ್ತಾನೆ. ಆ ಹೊತ್ತಿಗೆ ಆ ರಸ ಎಷ್ಟು ಭೀಕರವೆಂಬುದನ್ನು ನಾವು ಯುದ್ಧದಲ್ಲಿ ಕಂಡಿರುವುದರಿಂದ ಅವನ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಹಾಗೆಂದು ಬಾಲಕನ ಮುರಿದ ಬೆನ್ನು ಸರಿಹೋಗುವುದಿಲ್ಲ, ಹೋಗಲೂಬಾರದು. ಒಂದು ಪುಣ್ಯದಿಂದ ಇನ್ನೊಂದು ಪಾಪವನ್ನು ತೊಳೆದರೆ ಪಾತ್ರ ಅಲ್ಲಿಗೇ ಸಪ್ಪೆಯಾಗುತ್ತದೆ.

ಇನ್ನೊಂದು ವಿವರವನ್ನು ಗಮನಿಸಿ. ಅಂಗರಕ್ಷಕರ ಸಾಧನೆಗಳನ್ನು ದಾಖಲಿಸುವ ಬಿಳಿ ಪುಸ್ತಕವೊಂದಿದೆ. ಅದರ ಜೇಮಿಯ ಪುಟದಲ್ಲಿ ರಾಜಹತ್ಯೆಯ ದಾಖಲೆಯಿದೆ, ಅದರಿಂದ ಸುಡದೆ ಉಳಿದುಕೊಂಡ ನಗರದ ಸುದ್ದಿಯಿಲ್ಲ.

ಆದ್ದರಿಂದ ನಿಮ್ಮ ನಾಯಕನ ಸ್ವಭಾವವನ್ನು ಬರೆಯುವ ಮೊದಲು, ಅವನು ಯಾರಿಗೆ ಯಾವ ಮಾತು ಕೊಟ್ಟಿದ್ದಾನೆ, ಅದನ್ನು ಮುರಿದರೆ ಯಾರು ಶಿಕ್ಷಿಸುತ್ತಾರೆ, ಅವನ ಕೃತ್ಯವನ್ನು ಯಾರು ಯಾವ ರೀತಿಯಲ್ಲಿ ದಾಖಲಿಸುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನಕ್ಷೆ, ವಂಶಾವಳಿ, ಮಾಂತ್ರಿಕ ವಿದ್ಯೆಯ ನಿಯಮಗಳನ್ನು ಆಮೇಲೆ ಸೇರಿಸಿಕೊಳ್ಳಬಹುದು.